ಬಿಕ್ಕಲಂ

ನಮ್ಮ ಮುಳಬಾಗಿಲು ಸೀಮೆಯ ಹಳೆಯ ಕ್ರಯಪತ್ರ, ಭೋಗ್ಯಪತ್ರಗಳನ್ನು ಬಿಡಿಸಿ ನೋಡಿದರೆ ಕೊನೆಯಲ್ಲಿ ಬರೆಸಿಕೊಟ್ಟವರ ರುಜು ಅಥವಾ ಹೆಬ್ಬೆಟ್ಟಿನ ಗುರುತು ಇರುತ್ತದೆ. ಅದರ ಪಕ್ಕದಲ್ಲಿ ಸಾಕ್ಷಿಗಳ ಹೆಸರು. ಎಲ್ಲಕ್ಕಿಂತ ಕೆಳಗೆ, ಜಾಗ ಉಳಿದ ಮೂಲೆಯಲ್ಲಿ ‘ಬಿಕ್ಕಲಂ’ ಎಂಬ ಒಂದು ಶಬ್ದ, ಅದರ ಮುಂದೆ ಒಂದು ಹೆಸರು. ಅದು ಪತ್ರ ಬರೆದವನ ಹೆಸರು. ಪಾರಸಿಯ ‘ಬ ಕಲಂ’, ಅಂದರೆ ಲೇಖನಿಯಿಂದ ಎಂಬ ಮಾತು ನಮ್ಮ ಕಡೆಯವರ ಬಾಯಿಗೆ ಸಿಕ್ಕಿ ಹೀಗೆ ದುಂಡಗಾಗಿದೆ. ಮಾರಿದವನ ಹೆಸರನ್ನು ನೆನೆದು ಅವನ ಮಕ್ಕಳು ನಿಟ್ಟುಸಿರು ಬಿಡುತ್ತಾರೆ. ಕೊಂಡವನ ಹೆಸರನ್ನು ಅವನ ಮಕ್ಕಳು ಜೋಪಾನವಾಗಿ ಕಾಯುತ್ತಾರೆ. ಬಿಕ್ಕಲಂ ಮುಂದಿನ ಹೆಸರನ್ನು ಯಾರೂ ಓದುವುದಿಲ್ಲ. ಆದರೆ ಆ ಕಾಗದದಲ್ಲಿರುವ ಒಂದೊಂದು ಮಾತೂ ಆತನದೇ. ಮಾರಿದವನು ಕೊಟ್ಟದ್ದು ಹೆಬ್ಬೆಟ್ಟು ಮಾತ್ರ.

ಹಾಗಾದರೆ ಊರಿನ ಪರವಾಗಿ ಬರೆಯುವ ಈ ಅಧಿಕಾರವನ್ನು ಆತನಿಗೆ ಕೊಟ್ಟವರು ಯಾರು? ತಾಯಲೂರಿನಂಥ ಹೋಬಳಿ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಇದು ಬರೀ ಚರಿತ್ರೆಯ ಪ್ರಶ್ನೆಯಲ್ಲ. ಇಲ್ಲಿನ ಎಷ್ಟೋ ಮನೆಗಳ ಜಮೀನು ಉಳಿದದ್ದೂ ಹೋದದ್ದೂ ಇದರ ಮೇಲೆ.

ಬರೆದವನ ಹೆಸರು ಹಾಕುವ ಪದ್ಧತಿ ಕಾಗದಕ್ಕಿಂತ ಹಳೆಯದು. ಕನ್ನಡದ ಕಲ್ಲಿನ ಶಾಸನಗಳಲ್ಲಿ ದಾನ ಕೊಟ್ಟವರು, ಪಡೆದವರು, ಜಮೀನಿನ ಎಲ್ಲೆ, ದಾನವನ್ನು ಅಳಿಸಿದವರಿಗೆ ತಟ್ಟುವ ಪಾಪ ಎಲ್ಲವೂ ಮುಗಿದ ಮೇಲೆ, ಇದನ್ನು ಬರೆದವನು ಇಂಥ ಸೇನಬೋವ ಎಂಬ ಸಾಲು ಎಷ್ಟೋ ಕಡೆ ಬರುತ್ತದೆ. ನಮ್ಮ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹತ್ತನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಕನ್ನಡ, ತಮಿಳು, ತೆಲುಗು, ಸಂಸ್ಕೃತ ಎಲ್ಲವೂ ಅದರಲ್ಲಿವೆ. ಆಳುವವರು ಯಾವ ಭಾಷೆಯವರೋ ಆ ಭಾಷೆಯಲ್ಲಿ ಬರೆಯಬಲ್ಲವನೊಬ್ಬ ಊರಿನಲ್ಲಿ ಇರಲೇಬೇಕಾಗಿತ್ತು. ಆ ಸೇನಬೋವನೇ ಕಾಲಕ್ರಮದಲ್ಲಿ ಶಾನುಭೋಗನಾದ. ಗಡಿ ದಾಟಿ ಆಂಧ್ರಕ್ಕೆ ಹೋದರೆ ಅವನೇ ಕರಣಂ.

ಶಾನುಭೋಗರ ಲೆಕ್ಕ ಇರುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಮಾಡಿದ ಕಪ್ಪು ಪುಸ್ತಕ ಅದು. ಬಳಪದಿಂದ ಬರೆಯುವುದು. ಕರ್ನಲ್ ಮಾರ್ಕ್ ವಿಲ್ಕ್ಸ್ ಎರಡು ಶತಮಾನದ ಹಿಂದೆ ಬರೆದ ಮೈಸೂರಿನ ಇತಿಹಾಸದಲ್ಲಿ ಈ ಕಡತವನ್ನು ಕುತೂಹಲದಿಂದ ವರ್ಣಿಸಿದ್ದಾನೆ. ಜೋಪಾನವಾಗಿಟ್ಟರೆ ಕಡತ ಬಹಳ ಕಾಲ ಬಾಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಳಿಸಿಯೂ ಹೋಗುತ್ತದೆ. ಮತ್ತೆ ಮಸಿ ಬಳಿದರೆ ಹೊಸದರಂತೆ. ಹೀಗಾಗಿ ಕಡತ ಎಷ್ಟು ಸತ್ಯವೋ ಅದನ್ನು ಇಟ್ಟುಕೊಂಡವನೂ ಅಷ್ಟೇ ಸತ್ಯವಾಗಿರಬೇಕಾಗಿತ್ತು. ಬಟ್ಟೆಯ ಕಡತ ಈಗ ಇಲ್ಲ, ಶಬ್ದ ಮಾತ್ರ ಉಳಿದಿದೆ. ಸರ್ಕಾರಿ ಕಚೇರಿಯ ಫೈಲಿಗೆ ನಾವು ಕಡತ ಎನ್ನುತ್ತೇವೆ. ವಿಧಾನಸಭೆಯಲ್ಲಿ ಯಾರಾದರೂ ಆಡಬಾರದ ಮಾತಾಡಿದರೆ ಅದನ್ನು ‘ಕಡತದಿಂದ ತೆಗೆದುಹಾಕಿ’ ಎನ್ನುತ್ತಾರೆ. ಅಳಿಸುವ ಗುಣ ಹೆಸರಿನ ಜೊತೆಗೇ ಬಂದಂತಿದೆ.

ಕೋಲಾರದ ಸೀಮೆ ಎಷ್ಟು ಒಡೆಯರನ್ನು ಕಂಡಿದೆ ಎಂದು ಬೆರಳು ಮಡಿಸಿ ಎಣಿಸಿ ನೋಡಿ. ವಿಜಯನಗರದ ಕಾಲದಲ್ಲಿ ಮುಳಬಾಗಿಲು ಒಂದು ರಾಜ್ಯದ ಕೇಂದ್ರವೇ ಆಗಿತ್ತು. ಆಮೇಲೆ ಬಿಜಾಪುರದವರು ಬಂದರು. ಅವರ ಕೈಕೆಳಗೆ ಶಿವಾಜಿಯ ತಂದೆ ಶಹಾಜಿ ಬೆಂಗಳೂರು ಕೋಲಾರಗಳನ್ನು ಜಹಗೀರಾಗಿ ಆಳಿದ. ನಂತರ ಸಿರಾದಲ್ಲಿ ಕುಳಿತ ಮೊಗಲರ ಸುಬೇದಾರರು. ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ, ಅವನ ಮಗ ಟಿಪ್ಪು. 1791ರಲ್ಲಿ ಇಂಗ್ಲಿಷರು ಹಿಡಿದರು, ಮರುವರ್ಷ ಬಿಟ್ಟುಕೊಟ್ಟರು. 1799ರಲ್ಲಿ ಮತ್ತೆ ಮೈಸೂರು ಅರಸರು, ದಿವಾನ್ ಪೂರ್ಣಯ್ಯ. 1831ರಿಂದ ಐವತ್ತು ವರ್ಷ ಇಂಗ್ಲಿಷ್ ಕಮಿಷನರುಗಳು. 1881ರಿಂದ ಮತ್ತೆ ಅರಸರು. ಇಷ್ಟೆಲ್ಲ ಬದಲಾದಾಗಲೂ ಊರಿನ ಶಾನುಭೋಗ ಬದಲಾಗಲಿಲ್ಲ. ಬದಲಾದದ್ದು ಅವನು ಬಳಸುವ ಶಬ್ದಗಳು. ಪಾರಸಿಯಿಂದ ಜಮಾಬಂದಿ, ಶಿರಸ್ತೇದಾರ, ವಾರಸುದಾರ ಬಂದವು, ಮರಾಠಿಯವರ ಜೊತೆ ಮೋಡಿ ಅಕ್ಷರ ಬಂತು. ಒಂದೊಂದು ದೊರೆತನವೂ ಹೋಗುವಾಗ ಶಾನುಭೋಗನ ಲೇಖನಿಯಲ್ಲಿ ನಾಲ್ಕು ಶಬ್ದ ಬಿಟ್ಟುಹೋಯಿತು.

ಅವನನ್ನು ಯಾರೂ ಕದಲಿಸದೆ ಇದ್ದದ್ದಕ್ಕೆ ಕಾರಣ ಸುಲಭ. ಹೊಸ ದೊರೆಗೆ ಬೇಕಾದದ್ದು ಕಂದಾಯ. ಯಾವ ಹೊಲ ಯಾರದು, ಯಾವ ಕೆರೆಯ ಕೆಳಗೆ ಎಷ್ಟು ತರಿ, ಯಾವುದು ಬೀಳು, ಯಾವುದು ಇನಾಂ ಎಂಬುದು ಗೊತ್ತಿದ್ದದ್ದು ಊರಿನಲ್ಲಿ ಒಬ್ಬನಿಗೆ. ಆ ಒಬ್ಬನನ್ನು ತೆಗೆದರೆ ಊರಿನ ಲೆಕ್ಕವೇ ಕತ್ತಲು. ಅವನು ಸತ್ತರೆ ಕಡತ ಓದಲು ಬರುವುದು ಅವನ ಮಗನಿಗೆ, ಏಕೆಂದರೆ ಅಪ್ಪ ಮಗನಿಗಲ್ಲದೆ ಬೇರೆಯವರಿಗೆ ಕಲಿಸಿರುವುದಿಲ್ಲ. ಹೀಗೆ ವಂಶಪಾರಂಪರ್ಯ ಎಂಬುದು ಮೊದಲು ಅನುಕೂಲವಾಗಿ, ಆಮೇಲೆ ರೂಢಿಯಾಗಿ, ಕೊನೆಗೆ ಹಕ್ಕಾಗಿ ನಿಂತಿತು. ಪಟೇಲರು ಹೆಚ್ಚಾಗಿ ಒಕ್ಕಲುತನದ ಮನೆಯವರು, ಶಾನುಭೋಗರು ಹೆಚ್ಚಾಗಿ ಬ್ರಾಹ್ಮಣರು. ತಳವಾರ, ತೋಟಿ, ನೀರುಗಂಟಿಯ ಕೆಲಸಗಳೂ ಹೀಗೆಯೇ ಮನೆತನಕ್ಕೆ ಅಂಟಿಕೊಂಡಿದ್ದವು. ಅವರಿಗೆ ಸಂಬಳವೆಂದರೆ ಇನಾಂ ಜಮೀನು, ಸುಗ್ಗಿಯಲ್ಲಿ ಕಣದ ಮೇಲೆ ಸಿಗುವ ಆಯ. ಒಬ್ಬರ ಪಾಲು ಮೊರದಲ್ಲಿ, ಒಬ್ಬರ ಪಾಲು ಬೊಗಸೆಯಲ್ಲಿ.

ಇಂಗ್ಲಿಷರ ಕಾಲದಲ್ಲಿ ಮೂರು ಸಂಗತಿಗಳು ನಡೆದವು. 1863ರಲ್ಲಿ ಮೈಸೂರು ಸೀಮೆಯಲ್ಲಿ ಸರ್ವೆ ಸೆಟ್ಲ್‌ಮೆಂಟ್ ಶುರುವಾಗಿ ಹೊಲಗಳಿಗೆ ನಂಬರು ಬಿತ್ತು. 1864ರಿಂದ ಒಂದರ ಹಿಂದೆ ಒಂದರಂತೆ ಬ್ರಿಟಿಷ್ ಇಂಡಿಯಾದಲ್ಲಿ ನೋಂದಣಿ ಕಾಯಿದೆಗಳು ಬಂದು ದೊಡ್ಡ ಮೊತ್ತದ ಪತ್ರಗಳನ್ನು ರಿಜಿಸ್ಟರ್ ಮಾಡಿಸಬೇಕೆಂಬ ಪದ್ಧತಿ ಬೆಳೆಯಿತು. ಛಾಪಾ ಕಾಗದ ಮನೆಮಾತಾಯಿತು. ಆದರೂ ಪತ್ರದ ಒಕ್ಕಣೆ ಬರೆಯುವವನು ಅದೇ ಶಾನುಭೋಗ. ಮೈಸೂರು ಸರ್ಕಾರ 1908ರಲ್ಲಿ ಗ್ರಾಮಾಧಿಕಾರಗಳ ಕಾಯಿದೆ ಮಾಡಿದಾಗಲೂ ವಂಶಪಾರಂಪರ್ಯವನ್ನು ತೆಗೆಯಲಿಲ್ಲ, ಅದಕ್ಕೆ ಕಾನೂನಿನ ಚೌಕಟ್ಟು ಹಾಕಿತು. ರೂಢಿಯಲ್ಲಿದ್ದ ಹಕ್ಕು ಅಚ್ಚಿನಲ್ಲಿ ಬಂತು.

ಅದೇ ಕಾಲದಲ್ಲಿ ಬೇರೆ ದೇಶಗಳ ಸಣ್ಣ ಊರುಗಳಲ್ಲಿ ಈ ಕೆಲಸ ಯಾರು ಮಾಡುತ್ತಿದ್ದರು ಎಂದು ಹೋಲಿಸಿ ನೋಡುವುದು ಒಳ್ಳೆಯದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಊರಿಗೊಬ್ಬರೋ ನಾಲ್ವರೋ ನೋಟರಿಗಳಿದ್ದರು. ಹುಟ್ಟಿನಿಂದ ಯಾರೂ ನೋಟರಿಯಾಗುತ್ತಿರಲಿಲ್ಲ. ಬಹುತೇಕ ರಾಜ್ಯಗಳಲ್ಲಿ ಗವರ್ನರು ನೇಮಿಸುತ್ತಿದ್ದ. ಇಷ್ಟು ವರ್ಷವೆಂದು ಅವಧಿ. ತಪ್ಪು ಮಾಡಿದರೆ ನಷ್ಟ ಕಟ್ಟಿಕೊಡುತ್ತೇನೆಂಬ ಜಾಮೀನು. ಒಂದು ಮೊಹರು. ಅಂಗಡಿಯವನೂ ಆಗಬಹುದು, ವಕೀಲನೂ ಆಗಬಹುದು, ಊರಿನ ಪತ್ರಿಕೆ ನಡೆಸುವವನೂ ಆಗಬಹುದು. ಕೇಳಲು ಇದು ಬಹಳ ಚೆನ್ನಾಗಿದೆ. ಆದರೆ ಗವರ್ನರ ಹತ್ತಿರ ಅರ್ಜಿ ಹೋಗಬೇಕಾದರೆ ಊರಿನ ದೊಡ್ಡವರ ಮಾತು ಬೇಕು, ಪಕ್ಷದವರ ಕೃಪೆ ಬೇಕು. ಹೆಣ್ಣುಮಕ್ಕಳಿಗಂತೂ ಎಷ್ಟೋ ರಾಜ್ಯಗಳಲ್ಲಿ ಬಾಗಿಲು ಮುಚ್ಚಿತ್ತು. ಮಸಾಚುಸೆಟ್ಸ್ ರಾಜ್ಯದ ಹಿರಿಯ ನ್ಯಾಯಾಧೀಶರು 1890ರಲ್ಲಿ ಕೂಡ ಹೆಂಗಸನ್ನು ನೋಟರಿಯಾಗಿ ನೇಮಿಸಲು ಬರುವುದಿಲ್ಲ ಎಂದು ಅಭಿಪ್ರಾಯ ಕೊಟ್ಟರು. ನಮ್ಮಲ್ಲಿ ಯಾವ ಮನೆಯಲ್ಲಿ ಹುಟ್ಟಿದೆ ಎಂದು ಕೇಳುತ್ತಿದ್ದರು, ಅಲ್ಲಿ ಗಂಡೋ ಹೆಣ್ಣೋ, ಯಾರ ಕಡೆಯವನು ಎಂದು ಕೇಳುತ್ತಿದ್ದರು.

ಇನ್ನೊಂದು ವ್ಯತ್ಯಾಸವಿದೆ. ಅಮೆರಿಕದ ನೋಟರಿ ಬಹುತೇಕ ಕಡೆ ಕಾಗದಕ್ಕೆ ಮೊಹರು ಒತ್ತಿ ಅದನ್ನು ಬರೆಸಿದವರ ಕೈಗೇ ಕೊಟ್ಟುಬಿಡುತ್ತಿದ್ದ. ಫ್ರೆಂಚರ ಪದ್ಧತಿ ಉಳಿದಿದ್ದ ಲೂಸಿಯಾನಾ ರಾಜ್ಯದಲ್ಲಿ ಮಾತ್ರ ಮೂಲ ಪತ್ರವನ್ನು ನೋಟರಿಯೇ ಇಟ್ಟುಕೊಳ್ಳುತ್ತಿದ್ದ. ನ್ಯೂ ಆರ್ಲಿಯನ್ಸಿನಲ್ಲಿ ಹೀಗೆ ಒಬ್ಬೊಬ್ಬ ನೋಟರಿಯ ಮನೆಯಲ್ಲೂ ಗುಡ್ಡೆಬಿದ್ದ ಪತ್ರಗಳನ್ನು ಕಾಯಲು 1867ರಲ್ಲಿ ಒಂದು ಸರ್ಕಾರಿ ಕಚೇರಿಯನ್ನೇ ತೆರೆದರು. ಬರೆದವನೇ ದಾಖಲೆಯನ್ನೂ ಇಟ್ಟುಕೊಳ್ಳುವುದು ಅಪಾಯ ಎಂಬುದು ಅವರಿಗೆ ಅಷ್ಟು ಬೇಗ ಹೊಳೆಯಿತು. ನಮ್ಮ ಶಾನುಭೋಗರ ದಫ್ತರ ಮಾತ್ರ ಇನ್ನೂ ನೂರು ವರ್ಷದ ಹತ್ತಿರ ಅವರ ಮನೆಯ ನಡುಮನೆಯಲ್ಲೇ ಇತ್ತು.

ನೋಟರಿಯ ವಿಷಯದಲ್ಲಿ ಅಮೆರಿಕದವರು ಇಂದಿಗೂ ಹೇಳಿಕೊಳ್ಳುವ ಒಂದು ಪ್ರಸಂಗವಿದೆ. 1923ರ ಆಗಸ್ಟ್‌ನಲ್ಲಿ ಅಧ್ಯಕ್ಷ ಹಾರ್ಡಿಂಗ್ ಹಠಾತ್ತನೆ ತೀರಿಕೊಂಡರು. ಉಪಾಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಆಗ ವರ್ಮಾಂಟ್ ರಾಜ್ಯದ ಪ್ಲಿಮತ್ ನಾಚ್ ಎಂಬ ಹಳ್ಳಿಯಲ್ಲಿ, ತಂದೆಯ ಮನೆಯಲ್ಲಿದ್ದರು. ಮನೆಯಲ್ಲಿ ಕರೆಂಟು ಇರಲಿಲ್ಲ. ತಂದೆ ಆ ಊರಿನ ನೋಟರಿ. ಬೆಳಗಿನ ಜಾವ ಎರಡೂ ಮುಕ್ಕಾಲರ ಹೊತ್ತಿಗೆ ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಮುದುಕ ತಂದೆ ಮಗನಿಗೆ ಅಧ್ಯಕ್ಷ ಪದವಿಯ ಪ್ರಮಾಣ ವಚನ ಬೋಧಿಸಿದರು. ಆಮೇಲೆ ದೊಡ್ಡವರಿಗೆ ಅನುಮಾನ ಹತ್ತಿತು. ಒಂದು ರಾಜ್ಯದ ಹಳ್ಳಿ ನೋಟರಿಗೆ ಇಡೀ ದೇಶದ ಅಧ್ಯಕ್ಷನಿಗೆ ಪ್ರಮಾಣ ಮಾಡಿಸುವ ಅಧಿಕಾರ ಉಂಟೇ? ಎರಡೂವರೆ ವಾರ ಕಳೆದ ಮೇಲೆ ವಾಷಿಂಗ್ಟನ್ನಿನಲ್ಲಿ ನ್ಯಾಯಾಧೀಶರೊಬ್ಬರ ಮುಂದೆ ಸದ್ದಿಲ್ಲದೆ ಇನ್ನೊಮ್ಮೆ ಪ್ರಮಾಣ ಮಾಡಿಸಿದರು. ನನಗೆ ಈ ಕತೆಯಲ್ಲಿ ಹಿಡಿಸುವುದು ದೀಪವಲ್ಲ, ಆ ಎರಡನೆಯ ಪ್ರಮಾಣ. ಅಧ್ಯಕ್ಷನ ಪಾಲಿಗೆ ಮೊದಲನೆಯವನ ಮೇಲೆ ಅನುಮಾನ ಬಂದರೆ ಹೋಗಿ ನಿಲ್ಲಲು ಎರಡನೆಯವನೊಬ್ಬ ಇದ್ದ.

ನಮ್ಮ ತಾತನ ಪಾಲಿಗೆ ಇರಲಿಲ್ಲ. ನಮ್ಮದು ತಾಯಲೂರು ಹೋಬಳಿಯ ಒಂದು ಹಳ್ಳಿಯ ಸಣ್ಣ ಹಿಡುವಳಿಯ ಮನೆ. 1950ರ ದಶಕದಲ್ಲಿ ನಮ್ಮ ಸೋದರತ್ತೆಯ ಮದುವೆಗೆ ದುಡ್ಡು ಸಾಲದೆ, ತಾತ ಕೆರೆಯ ಕೆಳಗಿನ 20 ಗುಂಟೆ ತರಿ ಜಮೀನಿನ ಮೇಲೆ 400 ರೂಪಾಯಿ ಎತ್ತಿದರು. ಕೊಟ್ಟವರು ಪಕ್ಕದೂರಿನವರು. ಕೂಡಿಬಂದಾಗ ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು ಎಂದು ಮಾತು. ಪತ್ರ ಬರೆದವರು ಶಾನುಭೋಗರು. ತಾತನಿಗೆ ಓದು ಬರುತ್ತಿರಲಿಲ್ಲ. ಅಷ್ಟೇ ಅಲ್ಲ, ನಮ್ಮ ಕಡೆಯ ಎಷ್ಟೋ ಮನೆಗಳಂತೆ ನಮ್ಮ ಮನೆಮಾತು ತೆಲುಗು. ಸಂತೆಯಲ್ಲಿ ಕನ್ನಡ. ಪತ್ರದ ಕನ್ನಡ ಈ ಎರಡೂ ಅಲ್ಲ. ಚಕ್ಕುಬಂದಿ, ಸದರಿ, ಹಕ್ಕುಬಾಧ್ಯತೆ, ಪುತ್ರಪೌತ್ರ ಪಾರಂಪರ್ಯ ಎಂದು ಉಸಿರು ಬಿಡದೆ ಓಡುವ ಭಾಷೆ ಅದು. ಅದನ್ನು ಶಾನುಭೋಗರು ಒಂದು ಸಾರಿ ಓದಿದರು. ಆಮೇಲೆ ತೆಲುಗಿನಲ್ಲಿ ತಾತ್ಪರ್ಯ ಹೇಳಿದರು. “ಕೇಳಿಸ್ಕೊಂಡ್ಯೇನಯ್ಯ?” ಎಂದರು. “ನೀವು ಬರೆದ ಮೇಲೆ ಇನ್ನೇನು ಸ್ವಾಮಿ” ಎಂದು ತಾತ ಹೆಬ್ಬೆಟ್ಟು ಒತ್ತಿದರು.

ಮೂರು ವರ್ಷ ಬಿಟ್ಟು ದುಡ್ಡು ಹೊಂದಿಸಿಕೊಂಡು ಹೋದಾಗ ಕೊಟ್ಟವರು ಪೆಟ್ಟಿಗೆಯಿಂದ ಪತ್ರ ತೆಗೆದು ತೋರಿಸಿದರು. ಅದು ಭೋಗ್ಯವಲ್ಲ, ಶುದ್ಧ ಕ್ರಯ. ‘ನಂಬಿಕೆ ಕ್ರಯ’ ಎಂದು ಜನ ಕರೆಯುವ ವ್ಯವಹಾರ ಇದು. ಕಾಗದದಲ್ಲಿ ಮಾರಾಟ, ಬಾಯಿಮಾತಿನಲ್ಲಿ ಸಾಲ. ಕಾನೂನು ಬಾಯಿಮಾತನ್ನು ಕೇಳುವುದಿಲ್ಲ. ಸ್ವತ್ತಿನ ವರ್ಗಾವಣೆ ಕಾಯಿದೆಗೆ 1929ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಬಿಡಿಸಿಕೊಳ್ಳುವ ಷರತ್ತು ಅದೇ ಪತ್ರದಲ್ಲಿ ಬರೆದಿರದಿದ್ದರೆ ಅಂಥ ಕ್ರಯವನ್ನು ಅಡಮಾನವೆಂದು ಎಣಿಸುವಂತಿಲ್ಲ. ಒಂದು ಸಾಲು ಇದ್ದಿದ್ದರೆ ಜಮೀನು ಉಳಿಯುತ್ತಿತ್ತು. ಆ ಸಾಲನ್ನು ಶಾನುಭೋಗರು ಬೇಕೆಂದೇ ಬಿಟ್ಟರೋ, ಸಾಲ ಕೊಟ್ಟವರು ಹೇಳಿದಂತೆ ಬರೆದರೋ, ನಂಬಿಕೆಯ ವ್ಯವಹಾರ ಹೀಗೆಯೇ ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದ್ದು ತಾತನಿಗೆ ಅರ್ಥವಾಗಲಿಲ್ಲವೋ, ಯಾರು ಹೇಳಬೇಕು? ಬರೆದವರು ಅಷ್ಟರಲ್ಲಿ ತೀರಿಕೊಂಡಿದ್ದರು. ಸಾಕ್ಷಿಗಳಿಬ್ಬರೂ ದುಡ್ಡು ಕೊಟ್ಟವರ ಕಡೆಯವರು. ಆ ಗದ್ದೆಯ ಬದುವಿನ ಮೇಲೆ ನಡೆಯುವಾಗಲೆಲ್ಲ ತಾತ ಕೆರೆಯ ಕಡೆಗೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಆದರೆ ಕೊನೆಯವರೆಗೂ ಅವರು ಶಾನುಭೋಗರನ್ನು ಬಯ್ಯಲಿಲ್ಲ. “ಅವರು ಓದಿದ್ರು, ನಾನು ಕೇಳಿದೆ” ಎನ್ನುತ್ತಿದ್ದರು, ಅಷ್ಟೇ.

ನಮ್ಮ ಕಡೆ ‘ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ’ ಎಂಬ ಗಾದೆಯುಂಟು. ಸಾಲ ಕೊಟ್ಟವನ ಸಂಕಟ ಕಂಡವರು ಕಟ್ಟಿದ ಗಾದೆ ಇರಬೇಕು. ಹೆಬ್ಬೆಟ್ಟು ಒತ್ತಿದವನ ಮನೆಯಲ್ಲಿ ಅದನ್ನು ಹೇಳಿದರೆ ಯಾರೂ ನಗುವುದಿಲ್ಲ.

ಈ ಕತೆ ಹೇಳಿ ಶಾನುಭೋಗರ ಕುಲವನ್ನೆಲ್ಲ ಜರಿಯುವುದು ನನ್ನ ಉದ್ದೇಶವಲ್ಲ. ಅದೇ ಶಾನುಭೋಗರ ದಫ್ತರದಲ್ಲಿದ್ದ ಒಂದು ಹಳೆಯ ನಮೂದಿನಿಂದ, ತಂದೆ ಇಲ್ಲದ ಇಬ್ಬರು ಹುಡುಗರ ಹೊಲವನ್ನು ದಾಯಾದಿಗಳು ನುಂಗಲಾರದೆ ಹೋದದ್ದನ್ನು ನಮ್ಮ ಊರಿನವರು ಈಗಲೂ ಹೇಳುತ್ತಾರೆ. ಬರಗಾಲದ ವರ್ಷ ಫಸಲಿನ ಅಂದಾಜನ್ನು ಕಡಿಮೆ ಬರೆದು ಊರಿಗೆ ಕಂದಾಯದ ಮಾಫಿ ಕೊಡಿಸಿದವರೂ ಅವರೇ. ಒಳ್ಳೆಯವರೂ ಇದ್ದರು, ಕೆಟ್ಟವರೂ ಇದ್ದರು. ಆದರೆ ಒಳ್ಳೆಯವರು ಬಂದದ್ದು ಊರಿನ ಪುಣ್ಯ, ಕೆಟ್ಟವರು ಬಂದದ್ದು ಊರಿನ ಕರ್ಮ. ಎರಡರಲ್ಲೂ ಊರಿನ ಮಾತಿಗೆ ಜಾಗವಿರಲಿಲ್ಲ. ವಂಶಪಾರಂಪರ್ಯದ ನಿಜವಾದ ಕೇಡು ಅದು ಯಾವುದೋ ಒಂದು ಮನೆತನಕ್ಕೆ ಸಿಕ್ಕಿತು ಎಂಬುದಷ್ಟೇ ಅಲ್ಲ. ಊರಿಗೆಲ್ಲ ಒಂದೇ ಲೇಖನಿ ಇದ್ದದ್ದು, ಅದು ಬರೆದದ್ದನ್ನು ಓದಬಲ್ಲ ಇನ್ನೊಂದು ಜೊತೆ ಕಣ್ಣು ಇಲ್ಲದೆ ಹೋದದ್ದು.

ಇದನ್ನು ಮುರಿಯಲು ಸಂವಿಧಾನವೇ ಬರಬೇಕಾಯಿತು. ಸರ್ಕಾರಿ ಉದ್ಯೋಗದಲ್ಲಿ ವಂಶದ ಕಾರಣಕ್ಕೆ ಭೇದ ಮಾಡಬಾರದೆಂದು ಅದರ 16ನೆಯ ವಿಧಿ ಹೇಳುತ್ತದೆ. ಆಂಧ್ರದ ಗುಂಟೂರು ಜಿಲ್ಲೆ ತೆನಾಲಿ ತಾಲ್ಲೂಕಿನಲ್ಲಿ ಒಂದು ಗ್ರಾಮವನ್ನು ಎರಡು ಮಾಡಿದರು. ಹೊಸ ಗ್ರಾಮದ ಮುನಸೀಫ ಯಾರಾಗಬೇಕು ಎಂಬ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. ಹಳೆಯ ಅಧಿಕಾರಿಯ ಸಂಬಂಧಿಕ ಎಂಬುದನ್ನು ಮುಂದುಮಾಡಿ ಒಬ್ಬರನ್ನು ನೇಮಿಸಲಾಗಿತ್ತು. ಗಾಜುಲ ದಶರಥ ರಾಮರಾವ್ ಎಂಬುವರು ಇದನ್ನು ಪ್ರಶ್ನಿಸಿದರು. 1960ರ ಡಿಸೆಂಬರ್‌ನಲ್ಲಿ ನ್ಯಾಯಾಲಯ ಗ್ರಾಮಾಧಿಕಾರವೂ ಸರ್ಕಾರದ ಹುದ್ದೆಯೇ, ಅದಕ್ಕೆ ಹುಟ್ಟು ಅರ್ಹತೆಯಾಗಲಾರದು ಎಂದು ತೀರ್ಪು ಕೊಟ್ಟಿತು. ಒಂದು ಸಣ್ಣ ಹಳ್ಳಿಯ ಜಗಳದಿಂದ ಎಷ್ಟು ಹಳೆಯ ಮರ ಅಲುಗಿತು ನೋಡಿ.

ನಮ್ಮ ರಾಜ್ಯದಲ್ಲಿ 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಶಾನುಭೋಗಿಕೆ, ಪಟೇಲಿಕೆ ಎರಡೂ ಒಂದೇ ದಿನ ಹೋದವು. ಅವರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ತಮಿಳುನಾಡಿನಲ್ಲಿ ಈ ಕೆಲಸ ಆದದ್ದು 1980ರಲ್ಲಿ, ಆಂಧ್ರದಲ್ಲಿ ಎನ್.ಟಿ. ರಾಮರಾವ್ ಅವರು ಮುಖ್ಯಮಂತ್ರಿಯಾಗಿದ್ದ 1984ರಲ್ಲಿ. ನಮ್ಮ ಗಡಿಯ ಹಳ್ಳಿಗಳವರು ಇಪ್ಪತ್ತು ವರ್ಷ ಈ ಕಡೆ ಸರ್ಕಾರದ ಲೆಕ್ಕಿಗನನ್ನೂ ಆ ಕಡೆ ವಂಶದ ಕರಣವನ್ನೂ ಒಟ್ಟಿಗೆ ಕಂಡವರು. ಮದುವೆ ಸಂಬಂಧ ಎರಡೂ ಕಡೆ ಇದ್ದ ಮನೆಗಳಲ್ಲಿ ಇದರ ಹೋಲಿಕೆ ಎಷ್ಟೋ ರಾತ್ರಿಗಳ ಮಾತಾಗಿತ್ತು.

ರದ್ದಿಯಾತಿಯ ಜೊತೆಗೆ ಇನಾಂ ಜಮೀನಿನ ಮರುಮಂಜೂರಾತಿಯೂ ಬಂತು. ಹಿಡಿದಿದ್ದ ಜಮೀನಿಗೆ ಗೊತ್ತಾದ ಹಣ ಕಟ್ಟಿದರೆ ಅದು ಅವರಿಗೇ ಖಾಯಂ. ಶಾನುಭೋಗರಿಗೂ ಇದು ಅನ್ವಯ, ತೋಟಿ ತಳವಾರರಿಗೂ ಅನ್ವಯ. ಕಾನೂನು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿತು. ಆದರೆ ಅರ್ಜಿ ಬರೆಯಬೇಕು, ದಾಖಲೆ ಹಚ್ಚಬೇಕು, ಕಚೇರಿಗೆ ಅಲೆಯಬೇಕು. ತಲೆತಲಾಂತರದಿಂದ ಬರೆದವರ ಮನೆಗೆ ಇದು ಅರ್ಧ ದಿನದ ಕೆಲಸ. ತಲೆತಲಾಂತರದಿಂದ ದಫ್ತರ ಹೊತ್ತು ತಾಲ್ಲೂಕು ಕಚೇರಿಗೆ ನಡೆದವರ ಮನೆಗೆ, ಆ ದಫ್ತರದ ಒಳಗೆ ಏನಿದೆ ಎಂದು ತಿಳಿಯುವುದೇ ದೊಡ್ಡ ಕೆಲಸ. ನಾನು ಮೇಷ್ಟ್ರಾದ ಮೇಲೆ ಅಂಥ ಮನೆಗಳವರು ಸಂಜೆಯ ಹೊತ್ತು ಟವೆಲಿನ ಗಂಟಿನಿಂದ ಕಾಗದ ಬಿಚ್ಚಿ, “ಒಸಿ ಓದಿ ಹೇಳಿ ಮೇಷ್ಟ್ರೇ” ಎಂದು ಬಂದು ಕೂರುತ್ತಿದ್ದರು. ತಹಸೀಲ್ದಾರರ ನೋಟಿಸು ಬಂದು ಎರಡು ತಿಂಗಳಾಗಿರುತ್ತಿತ್ತು. ಹಾಜರಾಗಬೇಕಾದ ತಾರೀಖು ಕಳೆದಿರುತ್ತಿತ್ತು. ಅವರಿಗೆ ಬೇಕಾಗಿದ್ದದ್ದು ವಕೀಲನೂ ಅಲ್ಲ, ಬರಹಗಾರನೂ ಅಲ್ಲ. ತಮ್ಮ ಕಡೆಗೆ ಕೂತು ಓದುವ ಒಬ್ಬ ಮನುಷ್ಯ. ನಮ್ಮ ಹಳ್ಳಿಗಳಲ್ಲಿ ಶಾಲೆ ಮಾಡಿದ ದೊಡ್ಡ ಕೆಲಸ ಇದೇ ಎಂದು ನನಗೆ ತೋರುತ್ತದೆ. ಅದು ಎಷ್ಟು ಜನರನ್ನು ನೌಕರಿಗೆ ಕಳಿಸಿತೋ ಇರಲಿ, ಮನೆಗೊಬ್ಬ ಎರಡನೆಯ ಓದುಗನನ್ನು, ಎಷ್ಟೋ ಕಡೆ ಓದುಗಳನ್ನು, ತಂದು ಕೂರಿಸಿತು.

ಈಗ ನಮ್ಮಲ್ಲೂ ನೋಟರಿಗಳಿದ್ದಾರೆ. ಹಿಂದೆ ಇಂಡಿಯಾದ ನೋಟರಿಗಳಿಗೆ ಸನ್ನದು ಇಂಗ್ಲೆಂಡಿನ ಕ್ಯಾಂಟರ್ಬರಿ ಮಹಾಪಾದ್ರಿಯ ಅಧಿಕಾರದ ಒಂದು ಕಚೇರಿಯಿಂದ ಬರುತ್ತಿತ್ತು ಎಂದರೆ ನಗು ಬರಬಹುದು. 1881ರ ಒಂದು ಕಾಯಿದೆಯಲ್ಲಿ ಹುಂಡಿ, ಪ್ರಾಮಿಸರಿ ನೋಟುಗಳ ಮಟ್ಟಿಗೆ ಇಲ್ಲಿಯೇ ನೇಮಿಸುವ ಏರ್ಪಾಟಾಯಿತು. 1952ರ ನೋಟರಿಗಳ ಕಾಯಿದೆ 1956ರ ಫೆಬ್ರವರಿ 14ರಿಂದ ಜಾರಿಯಾಗಿ ನೇಮಕ ಪೂರ್ತಿ ನಮ್ಮ ಸರ್ಕಾರಗಳ ಕೈಗೆ ಬಂತು. ಸಾಮಾನ್ಯವಾಗಿ ಹತ್ತು ವರ್ಷ ವಕೀಲಿ ಮಾಡ಼ಿದವರೇ ಆಗಬೇಕು. 1956ರ ನಿಯಮಗಳಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅರ್ಜಿಗೆ ಒಬ್ಬ ಮ್ಯಾಜಿಸ್ಟ್ರೇಟರು, ಒಬ್ಬ ಬ್ಯಾಂಕ್ ಮ್ಯಾನೇಜರು, ಒಬ್ಬ ವ್ಯಾಪಾರಿ, ಆ ಊರಿನ ಇಬ್ಬರು ಗಣ್ಯರು ಮೇಲುರುಜು ಹಾಕಬೇಕು. ಊರನ್ನು ಕೇಳುವ ಪದ್ಧತಿ ಕೊನೆಗೂ ಬಂತು ಎಂದು ಸಂತೋಷಪಡಬಹುದು. ಆದರೆ ಆ ಐವರಲ್ಲಿ ಹೆಬ್ಬೆಟ್ಟು ಒತ್ತುವವರ ಕಡೆಯವರು ಒಬ್ಬರಾದರೂ ಇರಬೇಕು ಎಂದು ನಿಯಮ ಹೇಳುವುದಿಲ್ಲ.

ಪಹಣಿಯ ಕತೆಯೂ ಬದಲಾಗಿದೆ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಸೇರಿದವು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. ಕಟ್ಟಬೇಕಾದ ಹಣ 15 ರೂಪಾಯಿ ಕಟ್ಟಿದರೆ ಯಾರು ಬೇಕಾದರೂ ಯಾರ ಜಮೀನಿನ ಪಹಣಿ ಬೇಕಾದರೂ ಪಡೆಯುವಂತಾಯಿತು. ನಡುಮನೆಯ ದಫ್ತರದಲ್ಲಿ ಒಬ್ಬರ ಕಣ್ಣಿಗೆ ಮಾತ್ರ ಕಾಣುತ್ತಿದ್ದದ್ದು ಎಲ್ಲರ ಕಣ್ಣಿಗೂ ಬಿತ್ತು. ನನ್ನ ಲೆಕ್ಕದಲ್ಲಿ ಇದು 1963ರ ರದ್ದಿಯಾತಿಗಿಂತ ಕಡಿಮೆಯ ಸಂಗತಿಯಲ್ಲ. ಗ್ರಾಮ ಲೆಕ್ಕಿಗರು ಈಗ ಗ್ರಾಮ ಆಡಳಿತ ಅಧಿಕಾರಿಗಳಾಗಿದ್ದಾರೆ. 2024ರಲ್ಲಿ ಒಂದು ಸಾವಿರ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪರೀಕ್ಷೆ ನಡೆಸಿತು. ಅದರಲ್ಲಿ ಕನ್ನಡದ ಪರೀಕ್ಷೆ ಕಡ್ಡಾಯ. ತೋಟಿಯ ಮೊಮ್ಮಗಳು ಬರೆದು ಗೆದ್ದರೆ ಅವಳೇ ಊರಿನ ಲೆಕ್ಕ ಇಡುವವಳು. ನೂರು ವರ್ಷದ ಹಿಂದೆ ಇದನ್ನು ಯಾರಾದರೂ ಹೇಳಿದ್ದರೆ ಅವನಿಗೆ ಬುದ್ಧಿ ಕೆಟ್ಟಿದೆ ಎನ್ನುತ್ತಿದ್ದರು.

ಹೀಗೆ ಹುಟ್ಟಿನಿಂದ ನೇಮಕ, ದೊಡ್ಡವರ ಕೃಪೆಯಿಂದ ನೇಮಕ, ಪರೀಕ್ಷೆಯಿಂದ ನೇಮಕ, ಮೂರನ್ನೂ ಚರಿತ್ರೆ ನೋಡಿದೆ. ಮೂರನೆಯದೇ ಮೇಲು ಎಂಬುದರಲ್ಲಿ ಎರಡು ಮಾತಿಲ್ಲ. ಆದರೂ ಪರೀಕ್ಷೆ ಗೆದ್ದವನು ಬರೆದ ಪತ್ರವನ್ನೂ ಹೆಬ್ಬೆಟ್ಟಿನವನು ಕಿವಿಯಿಂದಲೇ ಓದಬೇಕು. ರಿಜಿಸ್ಟ್ರಾರರ ಮುಂದೆ ನಿಂತಾಗ, ಹಣ ಬಂತೇ, ಗುರುತು ನಿಮ್ಮದೇ ಎಂದು ಕೇಳುತ್ತಾರೆ. ಅವನು ತಲೆಯಾಡಿಸುತ್ತಾನೆ. ಕಂಪ್ಯೂಟರಿನಲ್ಲಿ ಅಚ್ಚಾದ ಪತ್ರದಲ್ಲೂ ಸದರಿ, ಚಕ್ಕುಬಂದಿ, ಪುತ್ರಪೌತ್ರ ಪಾರಂಪರ್ಯಗಳು ಹಾಗೆಯೇ ಇವೆ. ಹೆಬ್ಬೆಟ್ಟಿನವರು ಕಡಿಮೆಯಾಗಿದ್ದಾರೆ ಎಂದು ಸಮಾಧಾನಪಡುವಂತಿಲ್ಲ. ರುಜು ಹಾಕಲು ಬಂದರೂ ಆ ಭಾಷೆ ಓದಲು ಬಾರದವರು ಊರ ತುಂಬ ಇದ್ದಾರೆ.

ಪತ್ರದ ಕೊನೆಯಲ್ಲಿ ಬಿಕ್ಕಲಂ ಎಂದು ಬರೆದವನ ಹೆಸರು ಹಾಕಿಸಿದ ಹಿರಿಯರು ಬುದ್ಧಿವಂತರು. ನಾಳೆ ತಕರಾರು ಬಂದರೆ ಯಾರನ್ನು ಕೇಳಬೇಕೆಂದು ಗೊತ್ತಿರಲಿ ಎಂಬುದು ಅವರ ಎಣಿಕೆ. ಅದರ ಕೆಳಗೆ ಇನ್ನೊಂದು ಸಾಲಿಗೂ ಅವರು ಜಾಗ ಬಿಡಬೇಕಾಗಿತ್ತು. ಬರೆದವನಲ್ಲದ, ದುಡ್ಡು ಕೊಟ್ಟವನ ಕಡೆಯವನೂ ಅಲ್ಲದ, ಬರೆಸಿಕೊಟ್ಟವನೇ ಕರೆತಂದ ಒಬ್ಬನು ಪತ್ರವನ್ನು ಅವನ ಮನೆಮಾತಿನಲ್ಲಿ ಓದಿ ಹೇಳಿ, ಅಲ್ಲಿ ತನ್ನ ಹೆಸರು ಬರೆಯಬೇಕಾಗಿತ್ತು. ಛಾಪಾ ಕಾಗದದಲ್ಲಿ ಅದಕ್ಕೆ ಬೇಕಾಗುವುದು ಒಂದು ಅಂಗುಲ ಜಾಗ. ಈಗಲೂ ತಡವಾಗಿಲ್ಲ.